ಬೆಲೆಯೂ ಮೌಲ್ಯವೂ

ಮನೆಗೊಂದು ನಾಯಿಮರಿ ಬೇಕೆನಿಸಿದಾಗ ನಾವು ಕೇಳುವ ಮೊದಲ ಪ್ರಶ್ನೆ ‘ಯಾವ ತಳಿ?’ ಎಂಬುದು, ಎರಡನೆಯದು ‘ಬೆಲೆ ಎಷ್ಟು?’ ಎಂಬುದು. ಸಂತೆಯಲ್ಲಿ ಇವು ಸಹಜವಾದ ಪ್ರಶ್ನೆಗಳೇ. ಆದರೆ ಹತ್ತು ಹನ್ನೆರಡು ವರ್ಷ ನಮ್ಮ ಹೊಸ್ತಿಲನ್ನು ನಂಬಿ ಬಾಳಬೇಕಾದ ಜೀವವೊಂದರ ಬಗ್ಗೆ ಇಷ್ಟನ್ನೇ ಕೇಳಿದರೆ ಸಾಕೆ? ಕೊಳ್ಳುವವರೇ ಇಲ್ಲದ ಜೀವಕ್ಕೆ ಮೌಲ್ಯವೂ ಇಲ್ಲವೆನ್ನಬಹುದೆ?

1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ ಬೆಂಗಳೂರಿನಲ್ಲಿ ಸ್ಥಾಪಿಸಿದ ‘ಕ್ಯೂಪಾ’, ಮಂಗಳೂರಿನ ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್ ಮುಂತಾದ ಸಂಸ್ಥೆಗಳು ನಿರಾಶ್ರಿತ ಪ್ರಾಣಿಗಳಿಗೆ ನೆಲೆ ನೀಡುತ್ತಿವೆ. ಇಂತಹ ಆಶ್ರಯಗಳಿಗೆ ಬರುವುದು ವಾಹನಕ್ಕೆ ಸಿಲುಕಿದ ಬೀದಿನಾಯಿಗಳು ಮಾತ್ರವಲ್ಲ. ಹಿಮದ ನಾಡಿಗೆ ಹೊಂದಿದ ಹಸ್ಕಿ, ಸೇಂಟ್ ಬರ್ನಾರ್ಡ್‌ನಂಥ ತಳಿಗಳನ್ನು ದುಬಾರಿ ಹಣ ಕೊಟ್ಟು ತಂದು, ಅವು ಬೆಳೆದು ದೊಡ್ಡವಾದಾಗಲೋ, ಮನೆ ಬದಲಾದಾಗಲೋ, ಕಾಯಿಲೆ ಬಿದ್ದಾಗಲೋ ಕೈಬಿಡುವವರೂ ನಮ್ಮ ನಡುವೆ ಇದ್ದಾರೆ. ತೆತ್ತ ಬೆಲೆ ಅವುಗಳನ್ನು ಕಾಪಾಡಲಿಲ್ಲ ಎಂಬುದನ್ನು ನಾವು ಮನಗಾಣಬೇಕು.

‘ಮನುಷ್ಯರೇ ಹಸಿದಿರುವಾಗ ನಾಯಿಗೇಕೆ ಇಷ್ಟು ಕಾಳಜಿ?’ ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬಡವರಿಗೆ ಸಲ್ಲಬೇಕಾದುದನ್ನು ಪ್ರಾಣಿಗಳಿಗಾಗಿ ವ್ಯಯಿಸುವುದು ತರವಲ್ಲವೆಂದು ಧರ್ಮಸಭೆಯೂ ಬೋಧಿಸುತ್ತದೆ. ಪ್ರಾಣಿಗಳನ್ನು ಕರುಣೆಯಿಂದ ಕಾಣಬೇಕೆಂಬುದೂ ಅದೇ ಬೋಧನೆಯ ಮಾತು. ಆದರೆ ಯೋಚಿಸಿ ನೋಡಿ: ಈ ಆಕ್ಷೇಪ ಹೆಚ್ಚು ತಟ್ಟಬೇಕಾದದ್ದು ಯಾರಿಗೆ? ಪ್ರತಿಷ್ಠೆಗಾಗಿ ಸಾವಿರಾರು ರೂಪಾಯಿ ಸುರಿದು ತಳಿಯನ್ನು ಕೊಳ್ಳುವವರಿಗೋ, ಯಾರಿಗೂ ಬೇಡವಾದ ನಾಯಿಗೆ ತನ್ನ ಮನೆಯ ಅನ್ನದಲ್ಲಿ ಒಂದು ತುತ್ತು ಹಾಕುವವರಿಗೋ?

ಹಾಗೆಂದು ಕ್ಷಣಿಕ ಕನಿಕರವನ್ನು ದತ್ತು ಎನ್ನಲಾಗದು. ಆಶ್ರಯದಿಂದ ಬಂದ ನಾಯಿ ಮೊದಲ ದಿನಗಳಲ್ಲಿ ಮೂಲೆ ಹಿಡಿಯಬಹುದು, ಊಟ ಬಿಡಬಹುದು, ಮುಟ್ಟಹೋದರೆ ಗುರುಗುಟ್ಟಬಹುದು. ನಂಬಿಕೆ ಮುರಿದ ಜೀವ ಮತ್ತೆ ನಂಬಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ರೇಬೀಸ್ ಲಸಿಕೆ, ಸಂತಾನಹರಣ ಚಿಕಿತ್ಸೆ, ನಿತ್ಯದ ನಡಿಗೆ, ಮುಪ್ಪಿನ ಆರೈಕೆ ಇವೆಲ್ಲ ನಮ್ಮ ಹೊಣೆ. ತಂದ ನಾಯಿಯನ್ನು ತಿಂಗಳೊಳಗೆ ಹಿಂದಿರುಗಿಸುವುದೆಂದರೆ ಅದನ್ನು ಎರಡನೆಯ ಬಾರಿ ಅನಾಥವಾಗಿಸಿದಂತೆ. ಸಕಾರಣವಿಲ್ಲದೆ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಈಡಾಗುವಂತೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಜೀವಿಗಳಲ್ಲಿ ಅನುಕಂಪವಿರಿಸುವುದು ನಮ್ಮ ಸಂವಿಧಾನದ 51ಎ ವಿಧಿ ಸಾರುವ ಮೂಲಭೂತ ಕರ್ತವ್ಯಗಳಲ್ಲೊಂದು. ಆದರೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಮನಸ್ಸನ್ನು ಯಾವ ಕಾಯಿದೆಯೂ ಕೊಡಲಾರದು. ಸಮಯವಾಗಲಿ ಸ್ಥಳವಾಗಲಿ ಇಲ್ಲದವರು ‘ನಮ್ಮಿಂದಾಗದು’ ಎಂದು ಪ್ರಾಮಾಣಿಕವಾಗಿ ಹೇಳುವುದೂ ಕರುಣೆಯೇ. ಅಂಥವರು ವಾರಕ್ಕೊಂದು ಗಂಟೆಯ ಸೇವೆಯನ್ನೋ, ಒಂದು ಮೂಟೆ ಅಕ್ಕಿಯನ್ನೋ ನೀಡಬಹುದು.

ಆಶ್ರಯಕ್ಕೆ ಹೋದವರ ಕಣ್ಣು ಸಹಜವಾಗಿ ಮರಿಗಳತ್ತ ಹೊರಳುತ್ತದೆ. ಕುಂಟುವ ನಾಯಿ, ವಯಸ್ಸಾದ ನಾಯಿ ಹಿಂದೆಯೇ ಉಳಿಯುತ್ತವೆ. ಚೆಂದವಾದುದನ್ನು ಪ್ರೀತಿಸಲು ಯಾರೂ ನಮಗೆ ಕಲಿಸಬೇಕಿಲ್ಲ. ಬೈಬಲ್ಲಿನ ತೊಬಿತನ ಗ್ರಂಥದಲ್ಲಿ ಯುವಕ ತೊಬಿಯಾಸನು ದೂರದ ಪ್ರಯಾಣಕ್ಕೆ ಹೊರಟಾಗ ನಾಯಿಯೊಂದು ಜೊತೆಗೆ ಹೊರಡುತ್ತದೆ. ಅವನು ಹಿಂದಿರುಗುವಾಗಲೂ ಅದು ಜೊತೆಯಲ್ಲೇ ಇರುತ್ತದೆ. ಅದರ ಹೆಸರನ್ನಾಗಲಿ ತಳಿಯನ್ನಾಗಲಿ ಗ್ರಂಥ ಹೇಳುವುದಿಲ್ಲ. ಅದು ಕೊನೆಯವರೆಗೂ ಜೊತೆಗಿತ್ತು ಎಂಬುದಷ್ಟೇ ನಮಗೆ ತಿಳಿದಿರುವುದು. ಒಂದು ಮೂಕಜೀವಿಗೆ ಕೊನೆಯವರೆಗೂ ಜೊತೆಗಿರಲು ನಾವು ಸಿದ್ಧರಿದ್ದೇವೆಯೇ? ತಳಿಯನ್ನೂ ಬೆಲೆಯನ್ನೂ ಕೇಳುವ ಮೊದಲು ನಮ್ಮನ್ನು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.