ದೊಡ್ಡವರಾಗೋದು ಅಂದ್ರೇನು?

ಹೊರ್ತಿ ಕಡೆ, ಇಂಡಿ ಕಡೆ ಹುಡುಗಿ ಮೈನೆರೆದರೆ ‘ದೊಡ್ಡಾಕಿ ಆದ್ಲು’ ಅಂತಾರೆ. ಹೊಲ, ರೊಕ್ಕ, ಮೇಲಿನ ಜಾತಿ ಇದ್ದವರಿಗೆ ‘ದೊಡ್ಡ ಮಂದಿ’ ಅಂತಾರೆ. ಒಂದೇ ಶಬ್ದ. ಒಂದು ಮೈಗೆ ಸಂಬಂಧಪಟ್ಟದ್ದು, ಇನ್ನೊಂದು ಊರಿಗೆ. ಗೆಳೆಯರೇ, ನಾವು ಕೇಳೋದಿಷ್ಟು: ಮೈ ಬೆಳೆದ ಮನುಷ್ಯನನ್ನ ಊರು ದೊಡ್ಡವ ಅಂತ ಯಾವಾಗ ಒಪ್ಪತೈತಿ?

ಶಾಸ್ತ್ರ ಬರೆದವರಿಗೆ ಈ ಪ್ರಶ್ನೆ ಕಾಡಲಿಲ್ಲ. ಬ್ರಾಹ್ಮಣನ ಮಗನಿಗೆ 8ಕ್ಕೆ, ಕ್ಷತ್ರಿಯನ ಮಗನಿಗೆ 11ಕ್ಕೆ, ವೈಶ್ಯನ ಮಗನಿಗೆ 12ಕ್ಕೆ ಉಪನಯನ ಎಂದು ಮನುಸ್ಮೃತಿ ಲೆಕ್ಕ ಹಾಕಿಟ್ಟಿದೆ. ಜನಿವಾರ ಬಿದ್ದ ದಿನ ಅವನಿಗೆ ಎರಡನೇ ಹುಟ್ಟು. ಶೂದ್ರನಿಗೆ ಒಂದೇ ಹುಟ್ಟು. ಅವನಿಗೂ ಆಚೆ ನಿಲ್ಲಿಸಿದ ನಮಗೆ ಆ ಲೆಕ್ಕದಾಗ ಜಾಗವೇ ಇಲ್ಲ. ಹೆಂಗಸಿಗೋ, ಅಪ್ಪ, ಗಂಡ, ಮಗ ಅಂತ ಕಾಯೋರು ಬದಲಾಗತಾರ; ಆಕಿ ಮಾತ್ರ ಸಾಯೋತನಕ ಕೂಸು. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ಮುಂದಾಳತನದಲ್ಲಿ ಈ ಪುಸ್ತಕಕ್ಕೆ ಬೆಂಕಿ ಬಿತ್ತು.

ನಮ್ಮ ಕೇರಿಯ ಹುಡುಗನಿಗೂ 8ಕ್ಕೇ ಒಂದು ಉಪನಯನ ಆಗತಿತ್ತು. ಜನಿವಾರದ ಬದಲು ಸಾಹುಕಾರನ ದನದ ಹಗ್ಗ. ಅಪ್ಪನ ಸಾಲಕ್ಕೆ ಮಗ ಜೀತ. ಹೊರುವ ಮಟ್ಟಿಗೆ ಅವ ಅಂದೇ ದೊಡ್ಡವ. ಮಾತಾಡುವ ಮಟ್ಟಿಗೆ? ತಲೆ ಬೆಳ್ಳಗಾದ ಮೇಲೂ ದೊಡ್ಡ ಮನೆಯ ಪೋರ ಅವನನ್ನ ‘ಏ, ಬಾರಲೇ ಇಲ್ಲಿ’ ಅಂತಾನೆ. ಅವ ‘ಬಂದ್ನ್ಯಪ್ಪಾ’ ಅಂತ ಓಡತಾನೆ. ಬಾಲ್ಯವನ್ನೂ ಕಸಿದರು, ಹಿರೇತನವನ್ನೂ ಕೊಡಲಿಲ್ಲ. 1976ರ ಜೀತಪದ್ಧತಿ ರದ್ದತಿ ಕಾಯ್ದೆ ಆ ಹಗ್ಗ ಹರಿಯಲು ಬಂತು. 1989ರ ದೌರ್ಜನ್ಯ ತಡೆ ಕಾಯ್ದೆ ಜಾತಿ ಹಿಡಿದು ಬೈದವನನ್ನ ಕೋರ್ಟಿಗೆ ಎಳೀಬಹುದು. ಈ ಏಕವಚನವನ್ನ ಯಾವ ಕೋರ್ಟಿಗೆ ಎಳೆಯೋದು?

ಮನೆತನದಲ್ಲೇ ಮೊದಲು ಡಿಗ್ರಿ ಹಿಡಿದ ನಮ್ಮಂಥವರಿಗೆ ‘ಬರ್ರಿ ಸರ್, ಕುಂದರ್ರಿ’ ಅಂತಾರೆ. ಹಿಂದೆ ನಿಂತ ಅಪ್ಪನಿಗೆ ‘ನೀ ಯಾಕ ಬಂದಿ?’ ಅಂತಾರೆ. ಆ ಬಹುವಚನ ಡಿಗ್ರಿಗೆ ಸಿಕ್ಕದ್ದು.

ಹುಡುಗಿಯ ಕಥೆ ಇನ್ನೂ ಘೋರ. ಬೆಳಗಾವಿ, ವಿಜಯಪುರ ಸೀಮೆಯಲ್ಲಿ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡವರು ಬಹುಪಾಲು ನಮ್ಮ ಕೇರಿಯ ಮಕ್ಕಳೇ. ಎಳವೆಯಲ್ಲಿ ಮುತ್ತು, ಮೈನೆರೆದ ಮೇಲೆ ಊರ ದೊಡ್ಡ ಮಂದಿಯ ಪಾಲು. ‘ದೊಡ್ಡ’ ಅನ್ನುವ ಶಬ್ದದ ಎರಡೂ ಅರ್ಥ ಒಂದೇ ರಾತ್ರಿ ಕೂಡುತ್ತಿದ್ದುದು ಹೀಗೆ. 1982ರಲ್ಲಿ ಕರ್ನಾಟಕ ಇದಕ್ಕೆ ನಿಷೇಧದ ಕಾನೂನು ಮಾಡಿತು. ಕದ್ದು ಮಾಡೋರು ಆಮೇಲೂ ಮಾಡಿದರು.

ಇದೇ ಜಿಲ್ಲೆಯ ಬಾಗೇವಾಡಿಯಲ್ಲಿ 12ನೇ ಶತಮಾನದಲ್ಲಿ ಒಬ್ಬ ಹುಡುಗ ಜನಿವಾರ ಒಲ್ಲೆ ಅಂದು ಮನೆಬಿಟ್ಟ ಅಂತ ಪರಂಪರೆ ಹೇಳತೈತಿ. ಅಕ್ಕ ನಾಗಮ್ಮನಿಗಿಲ್ಲದ್ದು ನನಗ್ಯಾಕ ಅಂತ ಕೇಳಿದನಂತೆ. ನಮಗೆ ಬಸವಣ್ಣ ಬೇಕಾದವನಾಗೋದು ಇಲ್ಲೇ. ಜನಿವಾರ ಹಾಕಿಸಿಕೊಂಡಿದ್ದರೆ ಅಗ್ರಹಾರದ ಲೆಕ್ಕದಲ್ಲಿ ದೊಡ್ಡವನಾಗತಿದ್ದ. ಒಲ್ಲೆ ಅಂದದ್ದಕ್ಕೆ ತನ್ನ ಲೆಕ್ಕದಲ್ಲಿ ದೊಡ್ಡವನಾದ. ಶರಣರು ಲಿಂಗವನ್ನ ಹೆಣ್ಣಿಗೂ ಕೊಟ್ಟರು, ಸಮಗಾರ ಹರಳಯ್ಯನಿಗೂ ಕೊಟ್ಟರು. ಈಗ ಆ ದೀಕ್ಷೆಗೂ ಜಾತಿಯ ಬೇಲಿ ಬಂದೈತಿ, ಆ ಮಾತು ಬೇರೆ. ಬಾಬಾಸಾಹೇಬರು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ದೀಕ್ಷೆ ತಗೊಂಡದ್ದು 1956ರ ಅಕ್ಟೋಬರ್ 14ರಂದು, 65ರ ವಯಸ್ಸಿನಲ್ಲಿ. ಅದೂ ಒಂದು ‘ಒಲ್ಲೆ’ಯೇ.

ಈಗ ಕೇರಿಯಲ್ಲೂ ಹುಡುಗಿ ಮೈನೆರೆದರೆ ಸಾಲ ಮಾಡಿ ಪೆಂಡಾಲು ಹಾಕತಾರ, ಫ್ಲೆಕ್ಸ್ ಕಟ್ಟತಾರ. ‘ಅವರು ಮಾಡತಾರ, ನಾವ್ಯಾಕ ಮಾಡಬಾರದು?’ ಈ ಮಾತನ್ನ ಪೇಟೆಯ ವಿಚಾರವಾದಿಗಳು ನಕ್ಕು ತಳ್ಳಬಹುದು, ನಾವು ತಳ್ಳೋದಿಲ್ಲ. ಮುತ್ತು ಕಟ್ಟಿಸಿಕೊಂಡ ಅಜ್ಜಿಯ ಮೊಮ್ಮಗಳು ಹೊಸ ಸೀರೆಯುಟ್ಟು ಕುರ್ಚಿ ಮೇಲೆ ಕೂತರೆ, ಅದರಾಗೂ ಒಂದು ಸೇಡು ಐತಿ. ಆದರೆ ಕುರ್ಚಿ ಮೇಲೆ ಕೂತಾಕಿಯನ್ನ ಕೇಳಿದವರು ಯಾರು? ಆರತಿ ಆದ ಮರುದಿನದಿಂದ ಎಷ್ಟೋ ಮನೆಗಳಲ್ಲಿ ಸಾಲಿ ಬಂದ್, ಗಂಡು ನೋಡೋದು ಸುರು. 1989ರಿಂದ 18 ತುಂಬಿದವರಿಗೆ ಓಟು ಐತಿ. ಸರಕಾರ ಆರಿಸಲು ಆಕಿ ದೊಡ್ಡಾಕಿ. ಮನೆಯಾಗ ಮದುವೆ ಮಾತು ನಡೆಯುವಾಗ ಮಾತ್ರ ಆಕಿಯನ್ನ ಒಳಗ ಕಳಿಸತಾರ. ಆಕಿ ಬಾಗಿಲಿಗೆ ಬಂದು, ‘ನಾ ಒಲ್ಲೆ, ಕಾಲೇಜಿಗೆ ಹೋಗತೀನಿ’ ಅಂದರೆ, ಊರ ಮುಂದೆ ‘ಏ’ ಅನ್ನಿಸಿಕೊಂಡು ಬಂದ ಅದೇ ಅಪ್ಪ, ಅದೇ ಕಾಕಾ ಏನಂತಾರ?

‘ಇನ್ನಾ ಸಣ್ಣಾಕಿ ಅದೀ, ನಿನಗೇನ್ ತಿಳೀತೈತಿ? ಒಳಗ ಹೋಗು.’