ಇಳಿವಯಸ್ಸಿನ ಸಾಂಗತ್ಯ ಮತ್ತು ಸ್ವದಾರಸಂತೋಷ ವ್ರತ

ಪ್ರೀತಿಯಲ್ಲಿ ಹಣ ಸೇರಿದೊಡನೆ ಪ್ರೀತಿ ಅಳಿಯುವುದೇ? ಗೃಹಸ್ಥರಾದ ನಾವು ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಮನೆ, ಒಡವೆ, ಮಕ್ಕಳ ವಿದ್ಯಾಭ್ಯಾಸ ಇವುಗಳಲ್ಲಿ ದಾಂಪತ್ಯದ ಹಣಕಾಸು ಬೆರೆತುಹೋಗಿ ಕಣ್ಣಿಗೆ ಬೀಳುವುದಿಲ್ಲ. ಅದು ಮರೆಯಿಲ್ಲದೆ ಎದ್ದು ಕಾಣುವ ಒಂದು ಸಂದರ್ಭವನ್ನು ಆಯ್ದುಕೊಂಡರೆ ವಿಚಾರ ಸ್ಪಷ್ಟವಾದೀತು. ಯೂರೋಪು, ಅಮೆರಿಕ, ಆಸ್ಟ್ರೇಲಿಯಗಳಿಂದ ನಿವೃತ್ತರಾಗಿ ಥಾಯ್ಲೆಂಡಿಗೆ ಬಂದು, ಅಲ್ಲಿಯ ಸ್ತ್ರೀಯರೊಡನೆ ಸಂಸಾರ ಹೂಡುವ ವೃದ್ಧರ ಜೀವನ ಅಂತಹುದು. ನಮ್ಮ ಪತ್ರಿಕೆಗೆ ಇದು ದೂರದ ವಿಷಯವೆಂದು ತೋರಬಹುದು. ಮುಂದೆ ಓದಿದಂತೆ ಅದು ಅಷ್ಟು ದೂರದ್ದಲ್ಲವೆಂದು ತಿಳಿಯುವುದು.

ಈ ವಲಸೆಯ ಕಾರಣಗಳು ಸರಳವಾದವು. ಸ್ವದೇಶದಲ್ಲಿ ಕೈ ಬಿಗಿಹಿಡಿದು ಬದುಕಬೇಕಾದಷ್ಟೇ ಪಿಂಚಣಿಯಲ್ಲಿ ಅಲ್ಲಿ ಸಾವಕಾಶವಾಗಿ ಬಾಳಬಹುದು. ಚಳಿಗಾಲದ ಬಾಧೆಯಿಲ್ಲ. 50 ವರ್ಷ ತುಂಬಿದ ವಿದೇಶೀಯನು ಅಲ್ಲಿಯ ಬ್ಯಾಂಕಿನಲ್ಲಿ 8 ಲಕ್ಷ ಬಹ್ತ್ ಠೇವಣಿಯನ್ನಾಗಲಿ, ತಿಂಗಳಿಗೆ 65,000 ಬಹ್ತ್ ವರಮಾನವನ್ನಾಗಲಿ ತೋರಿಸಿದರೆ ನಿವೃತ್ತನೆಂದು ನೆಲಸಲು ಒಂದು ವರ್ಷದ ಅನುಮತಿ ದೊರೆಯುತ್ತದೆ. ಅದನ್ನು ವರ್ಷವರ್ಷವೂ ನವೀಕರಿಸಬೇಕು. 90 ದಿನಗಳಿಗೊಮ್ಮೆ ತನ್ನ ವಾಸಸ್ಥಳವನ್ನು ಅಧಿಕಾರಿಗಳಿಗೆ ವರದಿ ಮಾಡಬೇಕು. ಪಟ್ಟಾಯದಂತಹ ಕಡಲೂರುಗಳು ಬೆಳೆದುದಕ್ಕೆ ಹಿಂದಿನ ಕಾರಣವೊಂದುಂಟು. 1960ರ ದಶಕದಲ್ಲಿ ವಿಯೆಟ್ನಾಂ ಯುದ್ಧದ ಅಮೆರಿಕನ್ ಸೈನಿಕರು ವಿಶ್ರಾಂತಿಗೆಂದು ಅಲ್ಲಿಗೆ ಬರತೊಡಗಿದರು. ಯುದ್ಧ ಮುಗಿಯಿತು, ಅದರೊಡನೆ ಹುಟ್ಟಿದ ವ್ಯಾಪಾರ ಉಳಿಯಿತು.

ಆದರೆ ಎಲ್ಲ ವೃದ್ಧರೂ ಆ ವ್ಯಾಪಾರದ ಬೀದಿಗಳಲ್ಲೇ ಉಳಿಯುವವರಲ್ಲ. ಎಷ್ಟೋ ಮಂದಿ ಸಂಗಾತಿಯ ಹಳ್ಳಿಗೆ ಹೋಗಿ ಮನೆ ಕಟ್ಟುತ್ತಾರೆ. ಆ ಹಳ್ಳಿಗಳು ಹೆಚ್ಚಾಗಿ ಇಸಾನ್ ಎಂಬ ಪ್ರಾಂತದಲ್ಲಿವೆ. ನಮ್ಮ ‘ಈಶಾನ್ಯ’ದ ಮೂಲವೇ ಆ ಹೆಸರಿಗೂ ಮೂಲ; ಅದು ಆ ದೇಶದ ಈಶಾನ್ಯ ಭಾಗ. ಮಳೆಯನ್ನೇ ನಂಬಿದ ಭತ್ತದ ನೆಲ. ದುಡಿಯುವ ಮಕ್ಕಳು ಬ್ಯಾಂಕಾಕಿಗೂ ಕಡಲೂರುಗಳಿಗೂ ಹೋಗುವ ನೆಲ. ಅಲ್ಲಿ ವೃದ್ಧನ ದಿನಚರಿ ಆಡಂಬರವಿಲ್ಲದ್ದು. ನಸುಕಿನಲ್ಲಿ ಭಿಕ್ಷುಗಳು ಸಾಲಾಗಿ ಬರುವರು. ಮನೆಯಾಕೆ ಅಂಟಕ್ಕಿಯ ಅನ್ನ ಹಿಡಿದು ಬಾಗಿಲಲ್ಲಿ ಕಾದಿರುವಳು. ಬಿಸಿಲೇರುವ ಮುನ್ನ ಒಂದು ಸುತ್ತು ನಡಿಗೆ, ಸಂತೆ, ರಕ್ತದೊತ್ತಡದ ಮಾತ್ರೆ, ಮಧ್ಯಾಹ್ನದ ನಿದ್ರೆ. ಸಂಜೆಗೆ ತನ್ನಂತಹ ಮತ್ತೊಬ್ಬ ಪರದೇಶಿ ಸಿಕ್ಕಿದರೆ ನಾಲ್ಕು ಮಾತು. ಐದು ಸ್ವರಭೇದಗಳ ಆ ಭಾಷೆ ವೃದ್ಧನ ನಾಲಗೆಗೆ ಸುಲಭದಲ್ಲಿ ಒಗ್ಗದು. ಎಷ್ಟೋ ಸಂಸಾರಗಳು ನೂರಿನ್ನೂರು ಶಬ್ದಗಳಲ್ಲಿ ನಡೆಯುತ್ತವೆ. ಮಳೆಗಾಲದ ಮೂರು ತಿಂಗಳು ಭಿಕ್ಷುಗಳು ನಮ್ಮ ಮುನಿಗಳ ಚಾತುರ್ಮಾಸದಂತೆ ಒಂದೇ ಸ್ಥಳದಲ್ಲಿ ನಿಲ್ಲುವರು; ಆಗ ಊರೂ ಮೌನ, ಅವನೂ ಮೌನ. ಊರವರು ಅವನನ್ನು ‘ಫರಾಂಗ್’ ಎಂದು ಕರೆಯುವರು. ನಮ್ಮ ಹಿರಿಯರು ಬಿಳಿಯರಿಗೆ ಹೇಳುತ್ತಿದ್ದ ‘ಪರಂಗಿ’ಯೇ ಅದು.

ಆಕೆಯ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಅನೇಕರು ಮೊದಲ ಗಂಡನಿಂದ ಬೇರ್ಪಟ್ಟು, ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು, ನಗರದಲ್ಲಿ ದುಡಿದು ತಿಂಗಳು ತಿಂಗಳೂ ಹಣ ಕಳುಹಿಸಿದವರು. ಆ ಸೀಮೆಯ ಸಂಪ್ರದಾಯದಲ್ಲಿ ಅಳಿಯನೇ ಮಾವನ ಮನೆಗೆ ಬರುವನು. ಕಿರಿಯ ಮಗಳು ತಂದೆತಾಯಿಗಳನ್ನು ಕೊನೆಯತನಕ ನೋಡಿಕೊಳ್ಳುವಳು. ಹೆತ್ತವರ ಋಣಕ್ಕೆ ಅಲ್ಲಿ ‘ಬುನ್ ಖುನ್’ ಎಂದು ಹೆಸರು. ಪುಣ್ಯ, ಗುಣ ಎಂಬ ನಮ್ಮ ಶಬ್ದಗಳೇ ಅವು. ಆದುದರಿಂದ ಗಂಡನಾಗಿ ಬರುವವನಿಂದ ತನ್ನವರಿಗೆ ಆಸರೆಯಾಗಲಿ ಎಂದು ಆಕೆ ಬಯಸಿದರೆ ಅದನ್ನು ಬರಿಯ ಲೋಭವೆನ್ನಲಾಗದು. ಆಕೆಯ ಕಣ್ಣಿನಲ್ಲಿ ಅದು ಧರ್ಮವೇ ಆಗಿದೆ.

ಲೋಕವು ಈ ಸಂಬಂಧಗಳನ್ನು ಎರಡು ಬಗೆಯಾಗಿ ಹಳಿಯುತ್ತದೆ. ‘ಮುದುಕನನ್ನು ಹಣಕ್ಕಾಗಿ ಮರುಳುಮಾಡಿದಳು’ ಎಂಬುದು ಒಂದು. ಸ್ವದೇಶದಲ್ಲಿರುವ ಅವನ ಮಕ್ಕಳ ಮಾತು ಬಹುಮಟ್ಟಿಗೆ ಇದೇ. ‘ಬಡವಳನ್ನು ಹಣದಿಂದ ಕೊಂಡನು’ ಎಂಬುದು ಇನ್ನೊಂದು. ಮನೆ ಕಟ್ಟಿಸಿಕೊಟ್ಟ ಮೇಲೆ ಹೊರದೂಡಲ್ಪಟ್ಟ ವೃದ್ಧರೂ ಉಂಟು; ಕೆಲವು ವರ್ಷ ಸೇವೆ ಪಡೆದು ಒಂದು ದಿನ ಹೇಳದೆ ಹೊರಟುಹೋದವರೂ ಉಂಟು. ಆದರೂ ಇವೆರಡೂ ಒಂದೊಂದು ನಯ ಮಾತ್ರ. ಒಂದು ನಯವನ್ನೇ ಪೂರ್ಣಸತ್ಯವೆಂದು ಹಿಡಿಯುವುದು ಅನೇಕಾಂತವನ್ನು ಕಲಿತವರಿಗೆ ಸಲ್ಲದು. ಎರಡು ನಿಂದೆಗಳಲ್ಲೂ ಹಣವಿರುವಲ್ಲಿ ಸ್ನೇಹವಿರಲಾರದೆಂಬ ಎಣಿಕೆ ಅಡಗಿದೆ. ಈ ಎಣಿಕೆಯನ್ನೇ ಪರೀಕ್ಷಿಸಬೇಕು.

ಶ್ರಾವಕನ ನಾಲ್ಕನೆಯ ಅಣುವ್ರತಕ್ಕೆ ಹೇಳಿರುವ ಅತಿಚಾರಗಳಲ್ಲಿ ‘ಇತ್ವರಿಕಾ’ ಎಂಬ ಶಬ್ದ ಬರುತ್ತದೆ. ವ್ಯಾಖ್ಯಾನಕಾರರು ಇದನ್ನು ಎರಡು ರೀತಿಯಲ್ಲಿ ಅರ್ಥೈಸಿದ್ದಾರೆ. ದಿಗಂಬರ ವ್ಯಾಖ್ಯಾನ ಪರಂಪರೆಯಲ್ಲಿ ಪರಪುರುಷರ ಬಳಿಗೆ ಹೋಗುವ ಸ್ವಭಾವದವಳು ಇತ್ವರಿಕಾ. ಹೇಮಚಂದ್ರಾಚಾರ್ಯರು ಅನುಸರಿಸಿದ ಶ್ವೇತಾಂಬರ ಪರಂಪರೆಯಲ್ಲಿ ಇತ್ವರವೆಂದರೆ ಅಲ್ಪಕಾಲ. ಹಣ ಕೊಟ್ಟು ಅಲ್ಪಕಾಲಕ್ಕೆ ಪರಿಗ್ರಹಿಸಲ್ಪಟ್ಟವಳು ಎಂದರ್ಥ. ಮೊದಲ ಅರ್ಥದಲ್ಲಿ ನಮ್ಮ ದೃಷ್ಟಿ ಸ್ತ್ರೀಯ ಸ್ವಭಾವದ ಮೇಲೆ ಬೀಳುತ್ತದೆ. ಎರಡನೆಯದರಲ್ಲಿ ಪರಿಗ್ರಹಿಸಿದವನ ಉದ್ದೇಶದ ಮೇಲೆ. ಎರಡು ಅರ್ಥಗಳೂ ನಮಗೆ ಪೂಜ್ಯವೇ. ಆದರೆ ವ್ರತ ಹಿಡಿದವನು ಮೊದಲು ಶೋಧಿಸಬೇಕಾದುದು ತನ್ನನ್ನೇ ಆದ್ದರಿಂದ, ಪ್ರಸ್ತುತ ಪ್ರಶ್ನೆಗೆ ಎರಡನೆಯ ಅರ್ಥ ಹೆಚ್ಚು ಬೆಳಕು ನೀಡುತ್ತದೆ.

ಇಲ್ಲೊಂದು ಶಂಕೆ ಏಳುವುದು. ಎಪ್ಪತ್ತರ ವೃದ್ಧನಿಗೆ ಎಲ್ಲ ಕಾಲವೂ ಅಲ್ಪಕಾಲವೇ ಅಲ್ಲವೆ? ಅವನ ಯಾವ ಸಂಬಂಧ ತಾನೆ ದೀರ್ಘವಾದೀತು? ಸಮಾಧಾನವಿದು: ಅಲ್ಪತ್ವವು ವರ್ಷಗಳ ಎಣಿಕೆಯಲ್ಲಿಲ್ಲ, ಸಂಕಲ್ಪದಲ್ಲಿದೆ. ‘ಆಯುಷ್ಯವಿರುವವರೆಗೆ’ ಎಂದು ಕೈಹಿಡಿದವನದು ಎರಡೇ ವರ್ಷ ಬಾಳಿದರೂ ಅಲ್ಪವಲ್ಲ. ‘ಮನಸ್ಸಿಗೆ ಹಿತವಾಗಿರುವವರೆಗೆ’ ಎಂದವನದು ಇಪ್ಪತ್ತು ವರ್ಷ ಸಾಗಿದರೂ ಅಲ್ಪವೇ.

ವ್ಯಾಪಾರದಲ್ಲಿರುವವರಿಗೆ ಈ ಭೇದ ಪರಿಚಿತವಾದುದು. ಬಾಡಿಗೆ ಬೇರೆ, ಪಾಲುದಾರಿಕೆ ಬೇರೆ. ಎರಡರಲ್ಲೂ ಹಣವಿದೆ. ಬಾಡಿಗೆಗೆ ಪಡೆದವನು ಅವಧಿ ಮುಗಿದೊಡನೆ ಹೊರಡಬಹುದು. ವಸ್ತುವಿನ ಮುಂದಿನ ಗತಿ ಅವನ ಚಿಂತೆಯಲ್ಲ. ಪಾಲುದಾರನು ಲಾಭದಂತೆ ನಷ್ಟವನ್ನೂ ಹಂಚಿಕೊಳ್ಳುತ್ತಾನೆ. ಸರಿಯಾದ ಲೆಕ್ಕವನ್ನು ಮುಚ್ಚಿಡದೆ ಒಪ್ಪಿಸುವುದು ಅವನ ಹೊಣೆ. ನಮ್ಮ 1932ರ ಪಾಲುದಾರಿಕೆ ಕಾಯಿದೆಯೂ ಪಾಲುದಾರರಿಂದ ಇದನ್ನೇ ಬೇಡುತ್ತದೆ. ಹಾಗಾದರೆ ಕೊಡುಕೊಳೆ ಇದೆಯೆಂಬುದರಿಂದ ಸಂಬಂಧ ಕೆಡುವುದಿಲ್ಲ. ಜೀವಗಳು ಒಂದಕ್ಕೊಂದು ಉಪಕಾರ ಮಾಡುತ್ತಲೇ ಬಾಳುವುವೆಂಬುದು ನಮ್ಮ ದರ್ಶನದ ಮೂಲಭಾವನೆ. ಅವನಿಗೆ ಆರೈಕೆ ಬೇಕು, ಆಕೆಗೆ ಭದ್ರತೆ ಬೇಕು. ಎರಡೂ ಜೀವದ ನಿಜವಾದ ಅಗತ್ಯಗಳು. ಕೆಡಿಸುವುದು ಮರೆಮಾಚುವಿಕೆ, ಮತ್ತು ನಷ್ಟವನ್ನೆಲ್ಲ ಇನ್ನೊಬ್ಬರ ಪಾಲಿಗೆ ಬಿಡುವ ಒಳಸಂಕಲ್ಪ.

ಸಂಕಲ್ಪ ಕಣ್ಣಿಗೆ ಕಾಣುವಂತಹುದಲ್ಲ. ಅದರ ಗುರುತುಗಳು ಕಾಣುತ್ತವೆ. ಮೊದಲನೆಯದು ಸತ್ಯ. ತನ್ನ ವಯಸ್ಸು, ರೋಗ, ಪಿಂಚಣಿ, ಹಿಂದಿನ ಸಂಸಾರ ಇವನ್ನು ಅವನು ಹೇಳಿದನೆ? ತನ್ನ ಸಾಲ, ಮಕ್ಕಳು, ತವರಿನ ನಿರೀಕ್ಷೆ ಇವನ್ನು ಆಕೆ ಹೇಳಿದಳೆ? ಎರಡನೆಯದು ನಷ್ಟದಲ್ಲಿ ಪಾಲು. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಥಾಯ್ಲೆಂಡಿನಲ್ಲಿ ನೆಲಸಿದವರಿಗೆ ವರ್ಷವರ್ಷ ಏರುವುದಿಲ್ಲ, ಬೆಲೆಗಳಾದರೋ ಏರುತ್ತವೆ. ಕೈ ಬರಿದಾಗುತ್ತ ಬಂದಾಗ, ಅವನು ಹಾಸಿಗೆ ಹಿಡಿದಾಗ ಆಕೆ ನಿಲ್ಲುವಳೆ? ಆಕೆಗೇ ಕಾಯಿಲೆಯಾದಾಗ ಅವನು ನಿಲ್ಲುವನೆ?

ಮೂರನೆಯದು ಅನಂತರದ ಏರ್ಪಾಡು. ಮೂರರಲ್ಲಿ ಇದೇ ಮುಖ್ಯ. ಆ ದೇಶದ ಕಾಯಿದೆಯಂತೆ ವಿದೇಶೀಯನು ಸಾಮಾನ್ಯವಾಗಿ ಭೂಮಿಯ ಒಡೆಯನಾಗಲಾರ. ಹೆಂಡತಿಯ ಹೆಸರಿನಲ್ಲಿ ನೆಲ ಕೊಳ್ಳುವಾಗ, ಅದರ ಹಣ ಆಕೆಯ ಸ್ವಂತದ್ದೆಂದು ಅವನೂ ಘೋಷಿಸಬೇಕಾಗುತ್ತದೆ. ಇದರಲ್ಲಿ ಅವನಿಗೆ ಅಪಾಯವಿದೆ. ಜೀವಿತಾವಧಿಯ ಅನುಭೋಗದ ಹಕ್ಕನ್ನು ನೋಂದಾಯಿಸಿ ತನ್ನ ವಾಸಕ್ಕೆ ಭದ್ರತೆ ಮಾಡಿಕೊಳ್ಳುವುದು ತಪ್ಪಲ್ಲ. ಆಕೆಗೂ ಅಪಾಯವಿದೆ. ಹಳ್ಳಿಯಲ್ಲಿ ಹಿರಿಯರ ಮುಂದೆ ಕೈಗೆ ದಾರ ಕಟ್ಟಿ ನಡೆಸಿದ ವಿವಾಹವು ಜಿಲ್ಲಾ ಕಚೇರಿಯಲ್ಲಿ ನೋಂದಣಿಯಾಗದಿದ್ದರೆ ಕಾಯಿದೆಗೆ ವಿವಾಹವಲ್ಲ. ಮರಣಶಾಸನವೂ ಇಲ್ಲದೆ ಅವನು ತೀರಿಕೊಂಡರೆ, ಹತ್ತು ವರ್ಷ ಆರೈಕೆ ಮಾಡಿದವಳು ಅವನ ಬ್ಯಾಂಕಿನ ಠೇವಣಿಗೆ ಪತ್ನಿಯೆಂದು ಹಕ್ಕು ಹೇಳಲಾರಳು. ಅರವತ್ತೆಂಟರ ಗಂಡ, ನಲವತ್ತೈದರ ಹೆಂಡತಿ ಎಂದಿಟ್ಟುಕೊಳ್ಳಿ. ಅವನಿಲ್ಲದ ಇಪ್ಪತ್ತು ಮೂವತ್ತು ವರ್ಷಗಳನ್ನು ಆಕೆ ಕಳೆಯಬೇಕಾದೀತು. ಆ ವರ್ಷಗಳನ್ನು ನೆನೆದು ಕಾಗದಪತ್ರ ಮಾಡಿದವನದು ಸಾಂಗತ್ಯ. ನೆನೆಯದವನದು, ಎಷ್ಟೇ ಮಧುರವಾಗಿದ್ದರೂ, ಇತ್ವರವೇ.

ಇಳಿವಯಸ್ಸು ವೈರಾಗ್ಯದ ಕಾಲವಲ್ಲವೆ, ಆಗ ಸಂಗಾತಿಯ ಹಂಬಲ ಉಚಿತವೆ ಎಂದು ಕೇಳುವವರುಂಟು. ಹನ್ನೊಂದು ಪ್ರತಿಮೆಗಳಲ್ಲಿ ಬ್ರಹ್ಮಚರ್ಯ ಪ್ರತಿಮೆ ಏಳನೆಯದು. ಅಲ್ಲಿಗೇರಿದವರು ವಂದ್ಯರು. ಆದರೆ ಮೆಟ್ಟಿಲನ್ನು ಹತ್ತುವವನು ತಾನೇ ಹತ್ತಬೇಕು. ಮಕ್ಕಳು ಹೊತ್ತು ಏರಿಸಲಾಗದು. ಏರಲಾರದವನು ಅಣುವ್ರತದಲ್ಲಿ ನಿಂತು ಶುದ್ಧವಾಗಿ ಬಾಳುವುದು ವೈರಾಗ್ಯದ ವೇಷ ಧರಿಸಿ ಒಳಗೆ ಕುದಿಯುವುದಕ್ಕಿಂತ ಮೇಲು. ಕಡಲೂರಿನಲ್ಲಿ ಋತುವಿಗೊಬ್ಬ ಸಂಗಾತಿಯನ್ನು ಬದಲಿಸುವವನ ತೀವ್ರಕಾಮಕ್ಕೂ, ಒಬ್ಬಳೊಡನೆ ಸಂತುಷ್ಟನಾಗಿ ಅಂಗಳದ ಮಾವಿನ ಗಿಡಕ್ಕೆ ನೀರೆರೆಯುವವನ ಬಾಳಿಗೂ ಅಂತರ ಬಹಳ.

ಇನ್ನು ನಮ್ಮ ಮನೆಗಳ ಮಾತು. ಥಾಯ್ಲೆಂಡಿನಲ್ಲಿ ವರನು ವಧುವಿನ ತಂದೆತಾಯಿಗಳಿಗೆ ‘ಸಿನ್ ಸೋತ್’ ಎಂಬ ಧನವನ್ನು ಕೊಡುವನು. ಅವರ ಕಾಯಿದೆಯಲ್ಲಿಯೂ ಅದಕ್ಕೆ ಸ್ಥಾನವಿದೆ. ಇದನ್ನು ಕೇಳಿ ಹುಬ್ಬೇರಿಸುವ ನಾವು, 1961ರಲ್ಲೇ ನಿಷೇಧವಾದ ವರದಕ್ಷಿಣೆಯನ್ನು ಬೇರೆ ಬೇರೆ ಹೆಸರುಗಳಲ್ಲಿ ಉಳಿಸಿಕೊಂಡಿಲ್ಲವೆ? ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ಇದ್ದು, ದೊಡ್ಡ ಮನೆಯಲ್ಲಿ ಒಂಟಿಯಾಗಿ ಉಳಿದ ವಿಧುರ ಶ್ರಾವಕರೂ ವಿಧವೆ ಶ್ರಾವಿಕೆಯರೂ ನಮ್ಮ ಊರೂರಿನಲ್ಲಿದ್ದಾರೆ. ಅವರಲ್ಲೊಬ್ಬರು ಮರುವಿವಾಹದ ಮಾತೆತ್ತಿದರೆ ಮಕ್ಕಳು ಮೊದಲು ಎಣಿಸುವುದು ಆಸ್ತಿಯನ್ನು. ತಂದೆಯ ಒಂಟಿತನ ಲೆಕ್ಕಕ್ಕೆ ಬರುವುದೇ ಇಲ್ಲ. ವಿಧುರನಿಗೆ ಅಡಿಗೆಗೂ ಶುಶ್ರೂಷೆಗೂ ಬಡಮನೆಯ ಹೆಣ್ಣೊಬ್ಬಳನ್ನು ತಂದು, ಅವನ ಬಳಿಕ ಆಕೆಯ ಗತಿಯೇನೆಂದು ಕೇಳದಿರುವುದೂ ನಡೆದಿದೆ. ಅಂತಹ ಮದುವೆ ಬಸದಿಯ ಸಭಾಭವನದಲ್ಲೇ ನಡೆದಿದ್ದರೂ ಮೇಲೆ ಹೇಳಿದ ಪರೀಕ್ಷೆಯಿಂದ ಪಾರಾಗದು.

ಆದುದರಿಂದ ಟ್ರಸ್ಟುಗಳಿಗೂ ಸಮಾಜದ ಹಿರಿಯರಿಗೂ ಒಂದು ಬಿನ್ನಹ. ಇಳಿವಯಸ್ಸಿನ ವಿವಾಹ ಪ್ರಸ್ತಾಪವು ತಮ್ಮ ಮುಂದೆ ಬಂದಾಗ ನಗೆಯಾಡದಿರಲಿ, ನಿಂದಿಸದಿರಲಿ. ಇಬ್ಬರ ಲೆಕ್ಕವೂ ತೆರೆದಿದೆಯೆ, ವಿವಾಹ ನೋಂದಣಿಯಾಗುವುದೆ, ಹಿಂದುಳಿಯುವ ಜೀವಕ್ಕೆ ವಾಸದ ಹಕ್ಕೂ ಜೀವನಾಂಶವೂ ಬರೆಹದಲ್ಲಿ ಇವೆಯೆ ಎಂದು ಕೇಳಲಿ. ಮಕ್ಕಳ ಪಾಲನ್ನೂ ಅದೇ ಪತ್ರದಲ್ಲಿ ನಿರ್ಧರಿಸಲಿ. ಅರ್ಧದಷ್ಟು ಕಲಹ ಅಲ್ಲಿಗೇ ಶಮಿಸುವುದು. ಹೀಗೆ ಕೇಳುವುದರಿಂದ ಪ್ರೀತಿಗೆ ಅವಮಾನವಾಗದು. ತಾನಿಲ್ಲದ ದಿನ ಇನ್ನೊಬ್ಬರಿಗೆ ಅನ್ನವೂ ಸೂರೂ ಉಳಿಯಲೆಂದು ಬರೆದ ಪತ್ರವು ಅಹಿಂಸೆಯ ಆಚರಣೆಯೇ ಸರಿ.