ಕಿವಿಗೆ ರೆಪ್ಪೆಯಿಲ್ಲ

ಕಣ್ಣಿಗೆ ರೆಪ್ಪೆ ಕೊಟ್ಟ ಸೃಷ್ಟಿ ಕಿವಿಗೇಕೆ ಕೊಡಲಿಲ್ಲವೋ ತಿಳಿಯದು. ಬೇಡದ್ದನ್ನು ನೋಡದೆ ಇರಬಹುದು. ಬೇಡದ್ದನ್ನು ಕೇಳದೆ ಇರುವ ಉಪಾಯ ಮನುಷ್ಯನಿಗಿಲ್ಲ, ನಿದ್ದೆಯಲ್ಲೂ ಇಲ್ಲ. ಆಂಟಾಪ್ ಹಿಲ್‌ನ ಸರಕಾರಿ ವಸಾಹತಿನಲ್ಲಿ ನೌಕರಿಯ ಬಹುಕಾಲ ಕಳೆದ ನನ್ನಂಥವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗಣೇಶೋತ್ಸವ, ನವರಾತ್ರಿ, ಮದುವೆ, ಚುನಾವಣೆ ಎಂದು ಯಾವ ತಿಂಗಳೂ ಭೋಂಗಾ ಇಲ್ಲದೆ ದಾಟುತ್ತಿರಲಿಲ್ಲ. ಮನೆಯೊಳಗೆ ಕೂತು ಬೈಯುತ್ತಿದ್ದೆವು. ಆದರೆ ನಾನಿಲ್ಲಿ ಹೇಳಹೊರಟಿರುವುದು ಪರರ ಭೋಂಗಾದ ಮಾತನ್ನಲ್ಲ, ನಮ್ಮದರ ಮಾತನ್ನು.

ಸುಮಾರು ಮೂವತ್ತು ವರ್ಷಗಳ ಹಿಂದಿನ ಸಂಗತಿ. ಹತ್ತಿಪ್ಪತ್ತು ಕನ್ನಡ ಕುಟುಂಬಗಳು ಸೇರಿ ವಸಾಹತಿನ ಮೈದಾನದಲ್ಲಿ ರಾಜ್ಯೋತ್ಸವ ಮಾಡಿದೆವು. ಧ್ವನಿವರ್ಧಕದ ಉಸ್ತುವಾರಿ ನನ್ನದು. ಬಾಡಿಗೆಗೆ ತಂದ ಎರಡು ಭೋಂಗಾ ಸಾಲದೆಂದು ಇನ್ನೆರಡು ತರಿಸಿದೆ. ಆಂಪ್ಲಿಫಯರಿನ ಗುಂಡಿಯನ್ನು ತಿರುಗುವಷ್ಟೂ ತಿರುಗಿಸಿದೆ. ಸಭಿಕರು ನೂರು ಮಂದಿಯೂ ಇರಲಿಲ್ಲ. ಆದರೆ ಸುತ್ತಣ ಕಟ್ಟಡಗಳಿಗೆಲ್ಲ ನಮ್ಮ ಭಾಷೆ ಕೇಳಬೇಕು, ನಾವೂ ಇಲ್ಲಿದ್ದೇವೆಂದು ತಿಳಿಯಬೇಕು ಎಂಬ ಹುಮ್ಮಸ್ಸು. ಮರಾಠಿ, ಹಿಂದಿ, ತಮಿಳುಗಳ ನಡುವೆ ವರ್ಷವಿಡೀ ತಗ್ಗಿದ ದನಿಯಲ್ಲಿ ಕನ್ನಡ ಮಾತಾಡಿದವರ ಹುಮ್ಮಸ್ಸು ಅದು. ಇಂದಿಗೂ ಅದನ್ನು ತಪ್ಪೆನ್ನಲಾರೆ. ರಾತ್ರಿ ಹನ್ನೊಂದರವರೆಗೆ ನಡೆಯಿತು. ಯಾರೂ ದೂರು ಹೇಳಲಿಲ್ಲ. ಮರುದಿನ ಅದನ್ನೇ ಹೆಮ್ಮೆಯಿಂದ ಹೇಳಿಕೊಂಡೆವು.

ವಾರದ ಮೇಲೆ ತಿಳಿಯಿತು: ನಮ್ಮ ಕೆಳಗಿನ ಮನೆಯವರ ವೃದ್ಧ ತಾಯಿಯನ್ನು ಅಂದೇ ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದರಂತೆ. ಕಿಟಕಿಗಳನ್ನೆಲ್ಲ ಮುಚ್ಚಿ, ಆಕೆಯ ಕಿವಿಗೆ ಹತ್ತಿಯಿಟ್ಟು, ಮಗ ಪಕ್ಕದಲ್ಲೇ ಕೂತಿದ್ದನಂತೆ. “ಒಂದು ಮಾತು ಹೇಳಬಾರದಿತ್ತೆ?” ಎಂದು ಕೇಳಿದೆ. “ನಿಮ್ಮ ಹಬ್ಬ, ಅದೂ ವರ್ಷಕ್ಕೊಮ್ಮೆ. ಹೇಗೆ ಹೇಳುವುದು, ರಾವ್‌ಸಾಹೇಬ್?” ಎಂದರು ಆ ಮರಾಠಿ ಗೃಹಸ್ಥರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಅಮೆರಿಕದ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಮ್ ಎಂಬಿಬ್ಬರು, ಅಯಸ್ಕಾಂತದ ನಡುವೆ ತಂತಿಯ ಸುರುಳಿ ಅಲುಗಿ ದನಿ ಹೊರಡಿಸುವ ಧ್ವನಿವರ್ಧಕವನ್ನು ೧೯೧೫ರಲ್ಲಿ ಜನರೆದುರು ತೋರಿಸಿದರು. ಅದಕ್ಕೆ ಮುಂಚೆ ಮನುಷ್ಯನ ದನಿ ಅವನ ಉಸಿರಿಗೆ ಕಟ್ಟುಬಿದ್ದಿತ್ತು. ಭಾಗವತರು ಬಯಲಲ್ಲಿ ಬೆಳಗಿನವರೆಗೆ ಹಾಡಿದರೆ ದಣಿಯುತ್ತಿದ್ದವರು ಅವರೇ. ಕೂಗಿನ ಬೆಲೆಯನ್ನು ಕೂಗುವವನೇ ತೆರುತ್ತಿದ್ದ. ಯಂತ್ರ ಬಂದ ಮೇಲೆ ಕೂಗುವವನು ಒಬ್ಬ, ದಣಿಯುವವನು ಇನ್ನೊಬ್ಬ. ಇದರಲ್ಲೊಂದು ಸ್ವಾರಸ್ಯವಿದೆ. ಭೋಂಗಾ ಎರಡರಿಂದ ನಾಲ್ಕಾಗಿ ಶಕ್ತಿ ಇಮ್ಮಡಿಯಾದರೂ ಏರುವುದು ಮೂರೇ ಡೆಸಿಬೆಲ್. ಕಿವಿಗೆ ಅದು ಅಲ್ಪ ವ್ಯತ್ಯಾಸ. ದನಿ ಎರಡು ಪಾಲು ಜೋರೆನಿಸಬೇಕಾದರೆ ಹೆಚ್ಚುಕಡಿಮೆ ಹತ್ತು ಪಾಲು ಶಕ್ತಿ ಬೇಕು. ಗುಂಡಿ ತಿರುಗಿಸುವವನಿಗೆ ಸದಾ ‘ಸಾಲದು’ ಎನಿಸುವುದು ಇದರಿಂದಲೇ ಇರಬೇಕು. ಡೊಳ್ಳಿನಂಥ ತಗ್ಗು ನಾದವಂತೂ ಮುಚ್ಚಿದ ಕಿಟಕಿಯನ್ನೂ ಲೆಕ್ಕಿಸದು.

೨೦೦೦ದಲ್ಲಿ ಏಡನ್ ಬಂದರಿನಲ್ಲಿ ಅಮೆರಿಕದ ಯುದ್ಧನೌಕೆ ‘ಕೋಲ್’ ಮೇಲೆ ದಾಳಿ ನಡೆದ ತರುವಾಯ, ದೂರದ ದೋಣಿಗಳನ್ನು ಎಚ್ಚರಿಸಲು ದನಿಯನ್ನು ಒಂದೇ ದಿಕ್ಕಿಗೆ ಬಿಡುವ ಪ್ರಬಲ ಯಂತ್ರ ತಯಾರಾಯಿತು. ೨೦೦೯ರಲ್ಲಿ ಪಿಟ್ಸ್‌ಬರ್ಗಿನ ಪೋಲೀಸರು ಅದನ್ನೇ ಪ್ರತಿಭಟನಕಾರರತ್ತ ತಿರುಗಿಸಿದರು. ಅಲ್ಲಿ ದನಿಯೇ ಲಾಠಿ. ನಮ್ಮದು ಹಬ್ಬ ತಾನೆ ಎನ್ನಬಹುದು. ಆದರೆ ಹಾಸಿಗೆ ಹಿಡಿದ ಮುದುಕಿಯ ಕಿವಿಗೆ ನಮ್ಮ ಉದ್ದೇಶ ಹೇಗೆ ಕೇಳಬೇಕು?

ಕಾನೂನು ಸುಮ್ಮನಿಲ್ಲ. ೨೦೦೦ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು ೫೫, ರಾತ್ರಿ ೪೫ ಡೆಸಿಬೆಲ್ ಎಂದು ಮಿತಿ ಹಾಕಿದವು. ದನಿಯನ್ನು ಯಂತ್ರದಿಂದ ಹಿಗ್ಗಿಸಿ ಬೇಡದವರ ಕಿವಿಗೆ ತುಂಬುವುದು ಯಾರ ಮೂಲಭೂತ ಹಕ್ಕೂ ಅಲ್ಲವೆಂದು ಸುಪ್ರೀಂ ಕೋರ್ಟು ೨೦೦೫ರಲ್ಲಿ ಹೇಳಿತು. ೨೦೨೦ರ ಆರಂಭದಲ್ಲಿ ಮುಂಬಯಿ ಪೋಲೀಸರು ಒಂದು ಪ್ರಯೋಗವನ್ನು ಪ್ರಕಟಿಸಿದರು: ಕೆಲವು ಚೌಕಗಳ ಸಿಗ್ನಲ್ಲಿಗೆ ಶಬ್ದಮಾಪಕ ಜೋಡಿಸಿ, ಹಾರ್ನುಗಳ ಗದ್ದಲ ೮೫ ಡೆಸಿಬೆಲ್ ದಾಟಿದರೆ ಕೆಂಪುದೀಪದ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುವಂತೆ ಮಾಡಿದ್ದರು. ಜನ ನಕ್ಕು ಮೆಚ್ಚಿದರು. ನಾನೂ ಮೆಚ್ಚಿದೆ. ಆಮೇಲೆ ಹೊಳೆಯಿತು: ಹಾರ್ನು ಮುಟ್ಟದೆ ಕೂತವನೂ ಅಲ್ಲೇ ಕಾಯಬೇಕಲ್ಲ! ಮಾಪಕಕ್ಕೆ ಒಟ್ಟು ಸದ್ದು ಗೊತ್ತು, ಮಾಡಿದವರಾರು, ಸಹಿಸಿದವರಾರು ಎಂಬುದು ಗೊತ್ತಿಲ್ಲ.

ಈ ವಿಷಯ ಎತ್ತಿದಾಗ ಸ್ನೇಹಿತರೊಬ್ಬರು, “ಈಗ ಮೊಬೈಲಿನಲ್ಲೇ ಅಳೆಯಬಹುದು. ಐವತ್ತೈದರೊಳಗಿದ್ದರೆ ಮುಗಿಯಿತು, ಮತ್ತೇನು ನಿಮ್ಮ ತಕರಾರು?” ಎಂದರು. ಅಳೆಯುವುದು ಒಳ್ಳೆಯದೇ, ಅಂದು ನಾನು ಅಳೆದಿದ್ದರೂ ಅರ್ಧ ಪಾಪ ತಪ್ಪುತ್ತಿತ್ತು. ಆದರೆ ಅಳತೆಯೊಳಗಿದ್ದೇನೆ ಎಂಬುದು, ಯಾರೂ ದೂರಲಿಲ್ಲ ಎಂಬ ನಮ್ಮ ಹಳೆಯ ಸಮಾಧಾನದ ಹೊಸ ರೂಪವಾಗಬಾರದು. ದೂರು ಹೇಳುವವನಿಗೆ ಧೈರ್ಯ ಬೇಕು, ಬಿಡುವು ಬೇಕು, ನಾಳೆ ಅದೇ ಮೆಟ್ಟಿಲಲ್ಲಿ ಎದುರಾಗಬೇಕಲ್ಲ ಎಂಬ ಸಂಕೋಚ ಇರಬಾರದು. ಇವಿಲ್ಲದವರೇ ಕಿಟಕಿ ಮುಚ್ಚಿಕೊಳ್ಳುವವರು.

ನಮ್ಮ ಕೋಲಾರದ ಚಿನ್ನದ ಗಣಿಗಳ ನೆನಪಾಗುತ್ತದೆ. ಮೂರು ಕಿಲೋಮೀಟರಿಗೂ ಆಳದಲ್ಲಿ ಬಂಡೆ ಒತ್ತಡ ತಾಳದೆ ಹಠಾತ್ತನೆ ಸಿಡಿದು ಕಾರ್ಮಿಕರು ಸಾಯುತ್ತಿದ್ದರು. ಕಿವಿಗೆ ಕೇಳದ ಬಂಡೆಯ ಕಂಪನವನ್ನು ಹಿಡಿಯಲು ಅಲ್ಲಿ ಜಿಯೋಫೋನುಗಳನ್ನು ಹೂಳಿದ್ದರು. ನಮ್ಮ ವಸಾಹತಿಗೆ ಬಹು ದೂರವಲ್ಲದ ಟ್ರಾಂಬೆಯ ಭಾಭಾ ಕೇಂದ್ರದ ವಿಜ್ಞಾನಿಗಳೂ ಆ ಕೆಲಸದಲ್ಲಿದ್ದರು. ಗಣಿ ೨೦೦೧ರಲ್ಲಿ ಮುಚ್ಚಿತು. ಸಿಡಿದ ಮೇಲಿನ ಸದ್ದು ಎಲ್ಲರಿಗೂ ಕೇಳುತ್ತದೆ. ಅದಕ್ಕೆ ಉಪಕರಣ ಬೇಕಿಲ್ಲ. ಅವರು ಕಿವಿಗೊಟ್ಟದ್ದು ಸದ್ದು ಮಾಡದೆ ಭಾರ ಹೊತ್ತಿರುವುದಕ್ಕೆ. ನಾವು ನಾಲ್ಕು ಭೋಂಗಾ ಕಟ್ಟುವ ಮುನ್ನ ಕೆಳಗಿನ ಮನೆಯ ಕದ ತಟ್ಟಿ ಒಂದು ಮಾತು ಕೇಳಿರಲಿಲ್ಲ.

ಈಚೆಗೆ ನಮ್ಮ ಬಡಾವಣೆಯ ಚಿಕ್ಕ ಸಮಾರಂಭವೊಂದಕ್ಕೆ ಹಿರಿಯನೆಂದು ನನ್ನನ್ನು ಮತ್ತೆ ಅದೇ ಕೆಲಸಕ್ಕೆ ಹಾಕಿದರು. ಹಿಂದಿನ ದಿನ ಎರಡು ಕಟ್ಟಡಗಳ ಮೆಟ್ಟಿಲು ಹತ್ತಿಳಿದು ಕೇಳಿಕೊಂಡು ಬಂದೆ. ಮೊಣಕಾಲು ನೋವು ಇನ್ನೂ ಇದೆ. ಎರಡೇ ಸಣ್ಣ ಪೆಟ್ಟಿಗೆಗಳನ್ನು ಸಭಿಕರ ಕಡೆಗೆ ಮುಖಮಾಡಿ ಕೆಳಗೇ ಇಡಿಸಿದೆ. ಹಾಡು ಶುರುವಾಗುತ್ತಲೇ ಹಿಂದಿನಿಂದ ಯಾರೋ ತರುಣರು, “ಅಂಕಲ್, ಕೇಳಿಸ್ತಾ ಇಲ್ಲ!” ಎಂದು ಕೂಗಿದರು. ಕೈ ಗುಂಡಿಯ ಮೇಲೆಯೇ ಇತ್ತು. ಮುಂದಿನ ಎರಡು ಸಾಲು ಕುರ್ಚಿ ಖಾಲಿಯಿದ್ದವು. “ಮುಂದೆ ಬಂದು ಕೂತ್ಕೊಳ್ಳಿ” ಎಂದೆ.